ಹತ್ತದ ಮಣಿ

ಗಂಡ ನಿಮ್ಮ ಮಾತು ನಿಜವಾಗಿ ಕೇಳುತ್ತಿದ್ದಾನೋ, ಕೇಳಿದಂತೆ ಸುಮ್ಮನೆ ತಲೆಯಾಡಿಸುತ್ತಿದ್ದಾನೋ ಎಂಬುದು ಊರಿಗೆಲ್ಲ ಕಾಣುವಂತಿದ್ದರೆ ಹೇಗೆ? ನಿಮ್ಮ ಎದೆಯ ಮೇಲೊಂದು ಮಣಿ. ಅವನ ಲಕ್ಷ್ಯ ನಿಮ್ಮ ಮಾತಿನ ಮೇಲಿದ್ದರೆ ಅದು ಹಸಿರಾಗಿ ಹತ್ತುತ್ತದೆ. ಇಲ್ಲವಾದರೆ ಇಲ್ಲ. ಇಂಥದ್ದು ಬಂದರೆ ಎಷ್ಟು ಮನೆಗಳು ನೆಟ್ಟಗೆ ಉಳಿದಾವು ಎಂದು ಅದನ್ನು ಮಾಡಿದವರು ಒಂದು ಗಳಿಗೆ ಯೋಚಿಸಿದ್ದರೋ ಇಲ್ಲವೋ ನಾ ಕಾಣೆ. ನಾನಂತೂ ಯೋಚಿಸಿರಲಿಲ್ಲ. ಯೋಚಿಸಿದ್ದರೆ ಆ ಡಬ್ಬಿಯನ್ನು ಹೊಸ್ತಿಲ ಒಳಗೇ ಬಿಟ್ಟುಕೊಳ್ಳುತ್ತಿರಲಿಲ್ಲ.

ನಮ್ಮ ಬನಹಟ್ಟಿ ಮಗ್ಗದ ಊರು. ವಿದ್ಯುತ್ ಮಗ್ಗಗಳ ಶೆಡ್ಡಿನೊಳಗೆ ಒಮ್ಮೆ ಬಂದು ನಿಂತು ನೋಡಿ, ನಿಮ್ಮ ಕೂಗು ನಿಮಗೇ ಕೇಳಿಸುವುದಿಲ್ಲ. ಅದಕ್ಕೇ ಅಲ್ಲಿ ಎಲ್ಲರದೂ ತುಟಿಮಾತು. ಲಾಳಿ ಓಡುತ್ತಿರುತ್ತದೆ, ಆಚೆ ಸಾಲಿನವರು ತುಟಿ ಆಡಿಸುತ್ತಾರೆ, ಈಚೆಯವರು ಹಿಡಿದುಕೊಳ್ಳುತ್ತಾರೆ. ನನ್ನ ಗಂಡ ದಾನಪ್ಪ ಮೀಸೆ ಮೂಡುವ ಮೊದಲೇ ಶೆಡ್ಡು ಸೇರಿದವನು. ನಾನು ನೂಲಿನ ಕಂಡಿಕೆ ಸುತ್ತಲು ಅದೇ ಶೆಡ್ಡಿಗೆ ಹೋಗುವ ಹೊತ್ತಿಗೆ ಅವನ ಕಿವಿ ಮಗ್ಗಕ್ಕೆ ಹೋಗಿಯಾಗಿತ್ತು. ಆದರೇನು, ನನ್ನ ತುಟಿ ಅರ್ಧ ಅಲುಗುವುದರೊಳಗೆ ಪೂರ್ತಿ ಮಾತು ಅವನಿಗೆ ತಿಳಿಯುತ್ತಿತ್ತು. ಹಂಗೇ ಮಾತಾಡಿ, ಹಂಗೇ ಮನಸ್ಸು ಕೂಡಿ, ಹಂಗೇ ಮದುವೆಯಾಯಿತು.

ಗಂಡನ ಹೆಸರು ಬಾಯಿಬಿಟ್ಟು ಹೇಳಬಾರದು ಎಂಬ ಕಟ್ಟಳೆ ನಮ್ಮಲ್ಲಿ ಇನ್ನೂ ಇದೆ. ಮದುವೆಯಲ್ಲಿ ಒಡಪಿನ ಪದ್ಯದೊಳಗೆ ಒಮ್ಮೆ ಹೇಳಿದರೆ ಮುಗಿಯಿತು. ಆದರೆ ತುಟಿಮಾತಿಗೆ ಆ ಕಟ್ಟಳೆ ಎಲ್ಲಿಯದು? ದನಿಯೇ ಇಲ್ಲವಲ್ಲ, ಪಾಪವೂ ಇಲ್ಲ. ಜನರೆದುರು ‘ಅವರು’ ಎನ್ನುವ ನಾನು ತುಟಿಯಲ್ಲಿ ‘ನೀ’ ಎನ್ನುತ್ತಿದ್ದೆ. ಸಿಟ್ಟು ಬಂದರೆ ಬೆನ್ನು ತಿರುಗಿಸಿಬಿಡುತ್ತಿದ್ದೆ. ತುಟಿ ಕಾಣದಿದ್ದರೆ ಮಾತು ಬಂದ್. ಆಮೇಲೆ ಗೋಡೆಯ ಕಡೆ ಮುಖ ಮಾಡಿ ಬಾಯಿಗೆ ಬಂದಂತೆ ಬೈದುಕೊಳ್ಳುವುದಿದೆಯಲ್ಲ, ಆ ಸುಖ ಕಿವುಡನ ಹೆಂಡತಿಗೆ ಮಾತ್ರ ಗೊತ್ತು.

ಮಣಿಯ ಸುದ್ದಿ ಬಂದದ್ದು ಧಾರವಾಡದ ಒಂದು ಪ್ರಯೋಗಶಾಲೆಯಿಂದ. ಮಗ್ಗದ ಸದ್ದಿಗೆ ಕಿವಿ ಕಳೆದುಕೊಂಡವರಿಗಾಗಿ ಹೊಸ ಉಪಕರಣ, ಹೆಸರು ‘ಅವಧಾನ’. ಪರೀಕ್ಷೆಗೆಂದು ನಮ್ಮೂರಿನ ಕೆಲವು ಮನೆಗಳನ್ನು ಆರಿಸಿದ್ದರು. ನಮ್ಮದೂ ಒಂದು.

ಇಬ್ಬರೂ ಧಾರವಾಡಕ್ಕೆ ಹೋದೆವು. ಪ್ರಯೋಗಶಾಲೆಯ ಮುಖ್ಯಸ್ಥೆ ಡಾಕ್ಟರ್ ರಜಿಯಾ ಮುಲ್ಲಾ. ಎಳೆ ವಯಸ್ಸು, ನಗುಮುಖ. ದಾನಪ್ಪನ ಕಿವಿಯ ಹಾಲೆಯನ್ನು ಮೆಲ್ಲಗೆ ಹಿಂದಕ್ಕೆ ಎಳೆದು ಕಡಲೆಕಾಳಿನಷ್ಟು ದೊಡ್ಡ ವಸ್ತುವೊಂದನ್ನು ಒಳಗೆ ಕೂರಿಸಿದಳು. ಅವನು ಕಣ್ಣು ಮುಚ್ಚಿ ಕೂತಿದ್ದ, ದೊಡ್ಡ ಸುಖದಲ್ಲಿರುವವನಂತೆ. ಇಷ್ಟು ವರ್ಷ ಆ ಕಿವಿಗೆ ಬೆಚ್ಚಗಿನ ಎಣ್ಣೆ ಬಿಟ್ಟವಳು ನಾನು. ಒಂದು ದಿನವಾದರೂ ಹಂಗೆ ಕಣ್ಣು ಮುಚ್ಚಿದ್ದನೇ?

“ನೋಡ್ರಿ ಬಾಳವ್ವಾರ,” ಎಂದು ರಜಿಯಾ ನನಗೆ ತಿಳಿಸಿ ಹೇಳಿದಳು. “ಹಳೇ ಮಶೀನಿಗೆ ಎಲ್ಲಾ ಸದ್ದೂ ಒಂದರಿ. ಸಂತ್ಯಾಗ ಹಾಕ್ಕೊಂಡ್ರ ಸಂತೀನ ಕಿವ್ಯಾಗ ಬಂದಂಗ. ಇದು ಹಂಗಲ್ಲ. ನಮ್ಮ ಮಿದುಳು ಯಾರ ಮಾತಿಗೆ ಲಕ್ಷ್ಯ ಕೊಡತೈತಿ, ಅವರ ದನಿ ಏರಿಳದಂಗ ಅದರ ಅಲೆನೂ ಏರಿಳಿತೈತಿ. ಕಿವ್ಯಾಗಿಂದು ಆ ಅಲೆ ಓದತೈತಿ. ಯಾರ ಮಣ್ಯಾಗಿನ ದನಿ ಅದಕ್ಕ ಹೊಂದತೈತೋ ಅವರ ದನಿ ಏರಸ್ತೈತಿ, ಉಳದವರದು ಇಳಸ್ತೈತಿ. ಯಾರೂ ಮಾತಾಡದಿದ್ರ ಸುತ್ತಲಿನ ಸದ್ದು ಹಂಗ ಕೇಳಸ್ತೈತಿ.”

“ಹಂಗಾರ ಈ ದೀಪ ಯಾಕ್ರಿ?”

“ಕೇಳಸ್ತು ಅಂತ ಮಾತಾಡಾವ್ರಿಗೆ ಗೊತ್ತಾಗಬೇಕಲ್ರಿ. ಇಲ್ಲಾಂದ್ರ ಒದರಕೋತನ ಇರ್ತಾರ.”

ಮಣಿಗಳು ನಾಲ್ಕು. ಒಂದೊಂದರ ಬೆನ್ನನ್ನೂ ಒತ್ತಿ ಹಿಡಿದು, ನೀಲಿ ಬೆಳಕು ಮಿಣುಕಿದ ಮೇಲೆ ಕಿವಿಯೊಳಗಿನದಕ್ಕೆ ಪರಿಚಯ ಮಾಡಿಸಬೇಕು. ಬಾಯಿಂದ ಒಂದು ಗೇಣು ಕೆಳಗೆ ಸೆರಗಿಗೆ ಸಿಕ್ಕಿಸಿಕೊಳ್ಳಬೇಕು. ತಾಳಿಗೆ ತಾಗಿದರೆ ತಾಳಿಯ ಸದ್ದೇ ಗಂಡನಿಗೆ ಕೇಳುತ್ತದಂತೆ. ರಾತ್ರಿ ಡಬ್ಬಿಯಲ್ಲಿಟ್ಟರೆ ಬ್ಯಾಟರಿ ತುಂಬುತ್ತದೆ. ಎಲ್ಲ ಹೇಳಿಕೊಟ್ಟ ಮೇಲೆ ಪರೀಕ್ಷೆಗೆಂದು ದಾನಪ್ಪನನ್ನು ಗೋಡೆಯ ಕಡೆ ಮುಖ ಮಾಡಿ ಕೂರಿಸಿದರು. ನಾನು, ರಜಿಯಾ, ಅಲ್ಲಿನ ಇಬ್ಬರು ನರ್ಸುಗಳು ಒಬ್ಬೊಬ್ಬರಾಗಿ ಅಂಕಿಗಳನ್ನು ಓದಿದೆವು. ಅವನು ಒಂದೂ ತಪ್ಪದೆ ತಿರುಗಿ ಹೇಳಿದ. ನಾಲ್ಕು ಮಣಿಗಳೂ ಹತ್ತಿದವು. ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳೇಕೆ ಹೇಳಲಿ.

ಮನೆಗೆ ಬಂದವನೇ ದಾನಪ್ಪ ಮಣಿ ಹಂಚಿದ. ನನಗೊಂದು, ಅವನ ತಮ್ಮನಿಗೊಂದು, ಶೆಡ್ಡಿನ ಮಾಲಕರಿಗೊಂದು. ನಾಲ್ಕನೆಯದು ಯಾರಿಗೆ ಕೊಟ್ಟ ಹೇಳಿ? ಹಾಲು ಹಾಕುವ ಚಂಪವ್ವನಿಗೆ!

“ಆಕಿಗ್ಯಾಕ?” ಎಂದೆ.

“ದಿನಾ ಬರ್ತಾಳ, ದಿನಾ ನಗತಾಳ. ಯಾಕ ನಗತಾಳಂತ ಇವತ್ತಿನತನ ನನಗ ಗೊತ್ತಾಗಿಲ್ಲ,” ಎಂದ.

ಮರುದಿನ ಬೆಳಿಗ್ಗೆ ಚಂಪವ್ವ ಬಂದಳು. ಓಣಿ ಓಣಿ ಕೂಗಿ ಪಳಗಿದ ಗಂಟಲು. “ಯಣ್ಣಾ, ಹಾಲು!” ಎಂದದ್ದೇ ತಡ, ಮಣಿ ಝಗ್ಗನೆ ಹತ್ತಿತು. ಎಮ್ಮೆ ಒದ್ದದ್ದು, ಬಕೆಟ್ಟು ಉರುಳಿದ್ದು, ಅತ್ತೆ ಜಾರಿ ಬಿದ್ದದ್ದು, ಹೇಳುತ್ತಲೇ ಹೋದಳು. ಹೇಳಿದಷ್ಟು ಹೊತ್ತೂ ಹಸಿರು. ದಾನಪ್ಪ ಹೊಟ್ಟೆ ಹಿಡಿದು ನಕ್ಕ. ಅವಳು ಹೋದ ಮೇಲೆ ನಾನು ಅವನೆದುರು ನಿಂತು, “ಚಾ ಕುಡೀತಿಯೇನು?” ಎಂದೆ. “ಹೂಂ, ಕೊಡು,” ಎಂದ. ನನ್ನ ಮಣಿ ಕಲ್ಲಿನಂತಿತ್ತು.

ಒಂದು ದಿನ ಹೋಗಲಿ ಎನ್ನಬಹುದು. ದಿನವೂ ಅದೇ. ಅವನ ತಮ್ಮನಿಗೆ ಹತ್ತುತ್ತದೆ, ಮಾಲಕರಿಗೆ ಹತ್ತುತ್ತದೆ, ಚಂಪವ್ವ ಕೆಮ್ಮಿದರೂ ಹತ್ತುತ್ತದೆ. ಕಟ್ಟಿಕೊಂಡವಳಿಗೆ ಮಾತ್ರ ಕತ್ತಲು. ಹೊಟ್ಟೆಕಿಚ್ಚು ಎಂಬುದು ಮಾತಿಗೆ ಹೇಳುವುದಲ್ಲ, ನಿಜವಾಗಿ ಎದೆಯ ಕೆಳಗೆ ಉರಿಯುತ್ತದೆ. ನನಗೆ ಮಜ್ಜಿಗೆ ಕುಡಿದರೂ ಆರಲಿಲ್ಲ. ಬೆನ್ನು ತಿರುಗಿಸಿ ಬೈಯುವ ಸುಖಕ್ಕೂ ಕಲ್ಲು ಬಿತ್ತು. ಇವನಿಗೆ ಅದೊಂದು ಕೇಳಿಸಿಬಿಟ್ಟರೆ ಎಂಬ ಹೆದರಿಕೆಗೆ, ಬೈಯುವ ಮೊದಲು ಮಣಿ ಬಿಚ್ಚಿ ಡಬ್ಬಿಯಲ್ಲಿಡುತ್ತಿದ್ದೆ.

ಊರೂ ಸುಮ್ಮನಿರಲಿಲ್ಲ. ಯಾರಾದರೂ ಮಾತು ಕಿವಿಗೆ ಹಾಕಿಕೊಳ್ಳದಿದ್ದರೆ “ನನ್ನ ಮಣಿ ಹತ್ತವಲ್ದು” ಎನ್ನುವುದು ಬಜಾರಿನ ಮಾತಾಗಿಬಿಟ್ಟಿತು. ಕೆಳಗಿನ ಓಣಿಯಲ್ಲಿ ಒಬ್ಬ ಅತ್ತೆ, ಮಗ ಮಾತು ಕೇಳುವಾಗ ತನ್ನದಕ್ಕಿಂತ ಸೊಸೆಯ ಮಣಿಯೇ ಹೆಚ್ಚು ಹತ್ತುತ್ತದೆಂದು ಅದನ್ನು ನೀರಿನ ಹಂಡೆಗೆ ಹಾಕಿದಳಂತೆ. ನಾನು ನಕ್ಕೆ, ಆದರೆ ಆ ಹಂಡೆಯ ವಿಚಾರ ನನ್ನ ತಲೆಯಿಂದ ಹೋಗಲಿಲ್ಲ.

“ಯಕ್ಕಾ, ನಿನ್ನ ಮಣಿ ಸೆಲ್ಲು ಹೋಗೈತೇನ ನೋಡ,” ಎಂದಳು ಚಂಪವ್ವ ಒಂದು ದಿನ. ಒಳ್ಳೆಯ ಮನಸ್ಸಿನಿಂದಲೇ ಅಂದಿರಬೇಕು. ನನಗೆ ಮೈಯೆಲ್ಲ ಉರಿಯಿತು.

“ಹೋಗಿದ್ರ ನಿಂದು ಕೊಡು,” ಎಂದು ಅವಳ ಮಣಿ ಕಿತ್ತುಕೊಂಡು ನನ್ನದನ್ನು ಅವಳ ಸೆರಗಿಗೆ ಸಿಕ್ಕಿಸಿದೆ. “ಯಣ್ಣಾ, ಹಾಲು ತೆಳ್ಳಗೈತೇನು?” ಎಂದಳು. ಇಷ್ಟು ದಿನ ನನ್ನೆದೆಯ ಮೇಲೆ ಸತ್ತು ಬಿದ್ದಿದ್ದ ಮಣಿ ಅವಳ ಮೈಮೇಲೆ ಹೋಗುತ್ತಲೇ ಹಸಿರಾಯಿತು! ನಾನು ಅವಳ ಮಣಿ ಹಾಕಿಕೊಂಡು ಅವನೆದುರು ಏನೇನೋ ಅಂದೆ. ಕತ್ತಲು. ತಪ್ಪು ಮಣಿಯದಲ್ಲ ಎಂದಾಯಿತು. ಮತ್ತೆ ಯಾರದು? ಗಂಡನ ಮನಸ್ಸಿನದು. ಬೇರೆ ಏನು ತಿಳಿಯಬೇಕು ನಾನು?

ಧಾರವಾಡಕ್ಕೆ ಫೋನು ಮಾಡಿ ರಜಿಯಾಗೆ ಸಾಫ್ ಹೇಳಿದೆ, ಒಂದೋ ಇದನ್ನು ಸರಿಮಾಡಿ, ಇಲ್ಲವೇ ಒಯ್ಯಿರಿ ಅಂತ. ಅವಳು ಇಬ್ಬರನ್ನೂ ಕರೆಸಿದಳು. ಗಾಜಿನ ಗೋಡೆಯ ಕೋಣೆಯಲ್ಲಿ ನಮ್ಮನ್ನು ಎದುರುಬದುರು ಕೂರಿಸಿ, ತಾನು ಆಚೆ ಪರದೆಗಳ ಮುಂದೆ ಕೂತಳು. “ಮನ್ಯಾಗ ಹೆಂಗ ಮಾತಾಡ್ತೀರಿ ಹಂಗ ಮಾತಾಡ್ರಿ. ನಾಚಬ್ಯಾಡ್ರಿ,” ಎಂದಿತು ಸ್ಪೀಕರು.

ನನಗೆಂಥ ನಾಚಿಕೆ! ಇಷ್ಟು ದಿನದ ಉರಿಯನ್ನೆಲ್ಲ ತೆಗೆದೆ. ಚಂಪವ್ವ, ಅವಳ ಎಮ್ಮೆ, ಅವಳ ನಗು, ಯಾವುದನ್ನೂ ಬಿಡಲಿಲ್ಲ. ದಾನಪ್ಪ ಬೆವರುತ್ತ “ಅಲ್ಲ, ಹಂಗಲ್ಲ,” ಎನ್ನುತ್ತಿದ್ದ. ಉಸಿರು ತೆಗೆದುಕೊಳ್ಳಲು ನಿಂತಾಗ ರಜಿಯಾ ಬಾಗಿಲು ತೆರೆದು ಒಳಗೆ ಬಂದಳು.

“ಬಾಳವ್ವಾರ, ಸುರು ಮಾಡ್ರಿ.”

“ಅಯ್ಯ ನಿನ! ಇಷ್ಟೊತ್ತು ನಾ ಏನ ಮಾಡಿದ್ನಿ ಹಂಗಾರ?”

“ನೀವು ತುಟಿ ಆಡಿಸಿದ್ರಿ. ದನಿ ಬರಲಿಲ್ಲ.”

ನಾನು ನಂಬಲಿಲ್ಲ. ಅವಳು ನನ್ನ ಮಣಿಯೊಳಗಿನ ದನಿಯನ್ನು ಹಚ್ಚಿ ಕೇಳಿಸಿದಳು. ಬಳೆಗಳ ಸದ್ದಿತ್ತು. ಕುರ್ಚಿ ಕಿರುಗುಟ್ಟಿದ್ದಿತ್ತು. ನನ್ನ ಉಸಿರಿತ್ತು. ಮಾತು ಒಂದೂ ಇರಲಿಲ್ಲ. ಮನೆಯಲ್ಲಿ ಇಷ್ಟು ದಿನ ದಾಖಲಾದದ್ದನ್ನೂ ಹಚ್ಚಿದಳು. ಚಂಪವ್ವನೊಡನೆ ಜಗಳಾಡಿದ್ದು ಗಟ್ಟಿಯಾಗಿ ಕೇಳಿಸಿತು. ದಾನಪ್ಪನ ಕಡೆ ತಿರುಗಿದ ಕೂಡಲೇ ನನ್ನ ದನಿ ಹೋಗಿಬಿಡುತ್ತಿತ್ತು, ಕರೆಂಟು ಹೋದಂತೆ. ಶೆಡ್ಡು ಬಿಟ್ಟು ಹೊರಗೆ ಬಂದರೂ ತುಟಿಮಾತು ನನ್ನನ್ನು ಬಿಟ್ಟಿರಲಿಲ್ಲ. ಮದುವೆಯಾದಾಗಿನಿಂದ ನಾನು ಈ ಮನುಷ್ಯನ ಮುಖ ನೋಡಿ ಬಾಯಿಬಿಟ್ಟು ಮಾತಾಡಿಯೇ ಇಲ್ಲ, ಅದು ನನಗೇ ಗೊತ್ತಿಲ್ಲ!

ಒಂದು ಕಡೆ ನಗು ಬಂತು. ಹಂಗಾದರೆ ಚಂಪವ್ವನದೇನೂ ಇಲ್ಲ, ತಪ್ಪೆಲ್ಲ ನನ್ನ ಗಂಟಲದು! ಎದ್ದು ನಿಂತು, ಸೆರಗು ಸರಿಮಾಡಿಕೊಂಡು, ಅವನ ಮುಖ ನೋಡಿ ಗಟ್ಟಿಯಾಗಿ ಹೇಳಿದೆ: “ಕೇಳಸ್ತೇನ್ರಿ? ನಾನು, ನಿಮ್ಮ ಬಾಳವ್ವ ಮಾತಾಡಾಕತ್ತೀನಿ.”

ಮಣಿ ನೋಡಿದೆ. ಕತ್ತಲು.

ದಾನಪ್ಪ ಮುಖ ಕಿವುಚಿ ಕಿವಿ ಮುಟ್ಟಿಕೊಂಡ. “ಮೇಡಂ, ಆಕಿ ಮಾತಾಡೂ ಮುಂದ ನಡುವ ಯಾವುದೋ ಒಂದು ಒಡಕು ದನಿ ಬರಾಕತ್ತೈತ್ರಿ. ಅದನ್ನ ಬಂದ್ ಮಾಡ್ರಿ. ಆಕಿ ಮಾತು ಸರಿಯಾಗಿ ಕೇಳವಲ್ದು,” ಎಂದ.

ಆ ಒಡಕು ದನಿ ನನ್ನದು.

ರಜಿಯಾ ಪರದೆ ತೋರಿಸಿದಳು. ಒಂದು ಗೆರೆ ನನ್ನ ದನಿ, ಇನ್ನೊಂದು ಅವನ ಮಿದುಳಿನ ಅಲೆ. ಅವನ ಗೆರೆ ಹಬ್ಬದಂತೆ ಕುಣಿಯುತ್ತಿತ್ತು, ಆದರೆ ನನ್ನದರ ಜತೆಗಲ್ಲ. “ಇವರ ಲಕ್ಷ್ಯ ಪೂರಾ ನಿಮ್ಮ ಮ್ಯಾಲೇ ಐತ್ರಿ. ಇಷ್ಟು ಲಕ್ಷ್ಯ ನಾ ಯಾರಲ್ಲೂ ನೋಡಿಲ್ಲ. ಆದ್ರ ಇವರು ಕೇಳಾಕತ್ತಿದ್ದು ಮಣ್ಯಾಗಿನ ದನಿ ಅಲ್ಲ,” ಎಂದಳು. ಆಮೇಲೆ, ಮತ್ತೆ ಯಾವ ದನಿ ಕೇಳುತ್ತಿದ್ದೀರಿ ಎಂದು ಅವನನ್ನೇ ಕೇಳಿದಳು.

“ಆಕಿ ಮಾತು ಕೇಳಾಕ ನನಗ ಮಶೀನ್ ಯಾಕ ಬೇಕ್ರಿ?” ಎಂದ ದಾನಪ್ಪ. “ತುಟಿ ಕಂಡ್ರ ಸಾಕು, ದನಿ ತಾನ ಬರ್ತೈತಿ ತಲ್ಯಾಗ. ಮೊದಲಿಂದಾನೂ ಹಂಗ. ಸಣ್ಣ ದನಿರಿ ಆಕೀದು. ಮೆತ್ತಗ, ಎಳೇ ಬೆಲ್ಲದಂಗ.”

“ಪರೀಕ್ಷೆ ದಿನಾ ಇವರೂ ಅಂಕಿ ಓದಿದ್ರಲ್ರಿ, ಆವಾಗ?”

“ಹೌದೇನ್ರಿ? ನಾ ಯಾರೋ ನರ್ಸಮ್ಮ ಅಂತ ತಿಳದಿದ್ದೆ.”

ಉಪಕರಣ ಇಟ್ಟುಕೊಳ್ಳುತ್ತೀರೋ ಬಿಡುತ್ತೀರೋ, ಸೋಮವಾರ ಪ್ರಯೋಗಶಾಲೆಯವರು ನಿಮ್ಮ ಮನೆಗೆ ಬಂದಾಗ ಹೇಳಿರಿ ಎಂದಳು ರಜಿಯಾ. ಬಸ್ಸಿನಲ್ಲಿ ನಾನು ಕಿಟಕಿಯ ಕಡೆ ತಿರುಗಿ ಕೂತೆ. ಚಂಪವ್ವನಾಗಿದ್ದರೆ ಜಡೆ ಹಿಡಿದು ಎಳೆಯಬಹುದಿತ್ತು. ಇವಳನ್ನು ಎಲ್ಲಿ ಹಿಡಿಯಲಿ? ಎಳೇ ಬೆಲ್ಲದ ದನಿಯವಳು! ನನ್ನದೇ ತುಟಿಗಳನ್ನು ಬಾಡಿಗೆಗೆ ಹಿಡಿದು ನನ್ನ ಗಂಡನ ತಲೆಯೊಳಗೆ ಹಾಯಾಗಿ ಸಂಸಾರ ಹೂಡಿದವಳು. ಅವಳಿಗೆ ಗಂಟಲು ಒಡೆಯುವುದಿಲ್ಲ, ವಯಸ್ಸಾಗುವುದಿಲ್ಲ, ನೆಗಡಿ ಬರುವುದಿಲ್ಲ. ನಾನು ಬೈದದ್ದನ್ನೂ ಅವಳು ಅವನಿಗೆ ಸಿಹಿ ಮಾಡಿ ಕೊಟ್ಟಿರಬೇಕು. ಸವತಿ ಅಂದರೆ ಇಂಥವಳು. ನನಗೆ ನಾನೇ ಸವತಿಯಾಗಿ ಕೂತಿದ್ದೆ, ಅದೂ ಸೋತ ಸವತಿ.

ಭಾನುವಾರ ಬೆಳಿಗ್ಗೆ ಅವನೆದುರು ನಿಂತು, ದನಿಯಿಲ್ಲದೆ ಹೇಳಿದೆ: “ಇದನ್ನ ತಿರುಗಿ ಕೊಟ್ಟುಬಿಡು. ನಮಗ ಬ್ಯಾಡ.”

ಅವನು ಮೂಲೆಯಲ್ಲಿದ್ದ ನೀರಿನ ಕೊಡದ ಕಡೆ ನೋಡಿದ. ಆಮೇಲೆ, “ಕೊಡಪಾನ ತುಂಬೂ ಮುಂದ ನೀರಿನ ಸದ್ದು ಏರಕೋತ ಹೊಕ್ಕೈತಿ, ಗೊತ್ತೈತೇನು ನಿನಗ? ಬಾಯಿಗೆ ಬರೂ ಹೊತ್ತಿಗೆ ಬ್ಯಾರೆನ ಆಗ್ತೈತಿ,” ಎಂದ. “ಮುಂಜಾನೆ ಅಳಿಲು ಕೂಗತೈತಿ. ಮಳಿಯಂತೂ, ಯಪ್ಪಾ, ತಗಡಿನ ಮ್ಯಾಲೆ ಅಷ್ಟು ಗದ್ದಲಾ ಮಾಡತೈತಂತ ನಾ ಮರತ ಬಿಟ್ಟಿದ್ದೆ.” ಕಿವಿಯ ಮೇಲೆ ಕೈಯಿಟ್ಟುಕೊಂಡ. “ಇರ್ಲಿ. ನಿನಗ ಬ್ಯಾಡಾದ್ರ ನನಗೂ ಬ್ಯಾಡ. ನಾಳೆ ಕೊಟ್ಟುಬಿಡೂಣು.”

ನಾನು ಗೆದ್ದಿದ್ದೆ. ನಾಳೆಯಿಂದ ಚಂಪವ್ವನ ನಗು ಅವನಿಗೆ ಬರೀ ಹಲ್ಲಿನ ಸಾಲು. ಮತ್ತೆ ಪೂರ್ತಿ ನನ್ನವನು. ಆದರೆ ಆ ಗೆಲುವು ಗಂಟಲಲ್ಲಿ ಇಳಿಯಲಿಲ್ಲ. ಅವನು ಜಗಳವನ್ನಾದರೂ ಮಾಡಿದ್ದರೆ ಚೆನ್ನಿತ್ತು. ಬೆನ್ನು ತಿರುಗಿಸಿ ಒಲೆಯ ಮುಂದೆ ಕೂತೆ. ಪರಾತದಲ್ಲಿ ಜೋಳದ ಹಿಟ್ಟು ನಾದಿದೆ. ಹಂಚು ಕಾದಿತ್ತು. ರೊಟ್ಟಿ ಬಡಿಯುತ್ತ ಬಡಿಯುತ್ತ ಬಾಯಿ ತಾನಾಗಿ ಬಿಚ್ಚಿಕೊಂಡಿತು.

“ಏ ದಾನ್ಯಾ, ಹೇಣತಿ ಬ್ಯಾಡಂದ್ಲಂತ ಕಿವೀನ ಕೊಡಾಕ ಹೊಂಟಿಯಲ್ಲೋ, ಎಂಥಾ ಗಂಡಸೋ ನೀ! ‘ಕೊಡೂದಿಲ್ಲ ಹೋಗಬೇ’ ಅಂತ ಒಂದು ಮಾತರ ಅನಬಾರದಾ? ಚಂಪಿ ನಗೂದು ಕೇಳಿದಿ, ಅಳಿಲು ಕೂಗೂದು ಕೇಳಿದಿ, ನಾ ಅತ್ತದ್ದು ಯಾವಾಗರ ಕೇಳಿಯೇನೋ ದಾನ್ಯಾ? ಎಲ್ಲಿಂದ ಕೇಳ್ತಿ, ನಾ ಅತ್ತದ್ದೆಲ್ಲಾ ನಿನಗ ಬೆನ್ನ ಮಾಡೇ ಅತ್ತೀನಿ. ಕಿವುಡಿದ್ದಾಗ ನೀ ಪೂರಾ ನನ್ನಾಂವ ಅಂತ ತಿಳದಿದ್ದೆ. ಆವಾಗೂ ಆಕೀನ ಇದ್ಲು. ಬೆಲ್ಲದಾಕಿ! ನಾ ಬರೇ ತುಟಿ ಆಡಿಸಾಕ…”

ಹಿಟ್ಟಿನ ಮೇಲೆ ಏನೋ ಬಣ್ಣ ಬಿದ್ದಿತ್ತು. ಬೆಳ್ಳಗಿನ ರೊಟ್ಟಿ ಎಳೆ ಹುಲ್ಲಿನ ಹಾಗೆ ಹಸಿರಾಗಿ ಕಾಣುತ್ತಿತ್ತು. ಹೊಗೆಗೆ ಕಣ್ಣು ಮಂಜಾಗಿರಬೇಕೆಂದು ಒರೆಸಿಕೊಂಡೆ. ಹಸಿರು ಹೋಗಲಿಲ್ಲ. ತಲೆ ಬಗ್ಗಿಸಿ ನೋಡಿದರೆ, ಸೆರಗಿನಲ್ಲಿ ಮಣಿ! ಸಿಟ್ಟಿನ ಭರದಲ್ಲಿ ಅದನ್ನು ಬಿಚ್ಚಿಡುವುದನ್ನೇ ಮರೆತಿದ್ದೆ. ಅದು ಹತ್ತಿತ್ತು.

ನನ್ನ ಕೈ ರೊಟ್ಟಿಯ ಮೇಲೇ ನಿಂತಿತು. ನಾಲಿಗೆ ಕಚ್ಚಿಕೊಂಡೆ. ಗಂಡನ ಹೆಸರು, ಅದೂ ಹಂಗೆ ಮುರಿದು, ದನಿ ತೆಗೆದು!

“ಯಾರದು,” ಎಂದ ಹಿಂದಿನಿಂದ. “ಯಾರದು ನನಗ ‘ದಾನ್ಯಾ’ ಅಂದಾಕಿ?”

ನಾನು ತಿರುಗಲು ಹೋದೆ.

“ತಿರುಗಬ್ಯಾಡ!” ಎಂದು ಕೂಗಿದ. “ತಿರುಗಿದ್ರ ಮತ್ತ ಆಕಿ ಬರ್ತಾಳ. ಹಂಗ ಕುಂತಿರು. ನಮ್ಮವ್ವ ಸತ್ತಮ್ಯಾಲ ಯಾರೂ ನನ್ನ ಹಂಗ ಕರದಿಲ್ಲ. ಇನ್ನೊಮ್ಮಿ ಅನ್ನು.”

ಆಗ ತಿಳಿಯಿತು ನನಗೆ. ಆ ಬೆಲ್ಲದ ದನಿಯವಳಿಗೆ ಇದ್ದದ್ದು ನನ್ನ ತುಟಿಗಳಷ್ಟೇ. ಬೆನ್ನು ಅವಳದಲ್ಲ. ಬೆನ್ನ ಹಿಂದಿನ ಮಾತು, ಅಳು, ಬೈಗುಳ ಎಲ್ಲ ನನ್ನವು, ಅವಳು ಮುಟ್ಟದೆ ಬಿಟ್ಟವು. ಒಡಕಾದರೇನು?

“ಬೈಗುಳಾನೂ ಕೇಳಸ್ತೇನು?” ಎಂದೆ ಗೋಡೆಗೆ.

“ಎಲ್ಲಾ ಕೇಳಸ್ತು.”

“ನಾಳೆ ಡಬ್ಬಿ ಒಯ್ಯಾಕ ಬರ್ತಾರ.”

“ಕೊಡೂದಿಲ್ಲ ಹೋಗಬೇ,” ಎಂದ.

ಎಷ್ಟು ವರ್ಷ ಈ ಗೋಡೆಗೆ ಮಾತಾಡಿದ್ದೆನೋ, ಮೊದಲ ಸಲ ಬೆನ್ನ ಹಿಂದಿನಿಂದ ಜವಾಬು ಬಂದಿತ್ತು. ಅಳು ಬಂತು. ತಡೆಯಲಿಲ್ಲ, ಅದನ್ನೂ ಕೇಳಲಿ ಎಂದು ಗಟ್ಟಿಯಾಗಿಯೇ ಅತ್ತೆ.

“ದಾನ್ಯಾ,” ಎಂದೆ. ಮಣಿ ಹತ್ತಿತು. ಹಂಚಿನ ಮೇಲೆ ರೊಟ್ಟಿ ಹೊತ್ತಿತು. ಹೊತ್ತಿದರೆ ಹೊತ್ತಲಿ ಎಂದು ಬಿಟ್ಟೆ.